ಒಂದು ನಿಮಿಷವೂ ಹಾರದ ಮೊದಲ ಚಂದ್ರ ಬಂಡಿ (1969): ಇದರ ಬಗ್ಗೆ ಮಾತಾಡೋಣ

ತುಂಗಾತೀರ:
ಚಂದ್ರನ ಮೇಲೆ ಮೊದಲು ಓಡಾಡಿದ ಬಂಡಿ ಯಾವುದು ಅಂತ ಕೇಳಿದರೆ 1970ರ ಸೋವಿಯತ್ ಬಂಡಿ ಲೂನೊಖೋದ್-1 ಅನ್ನುತ್ತೇವೆ. ಸರಿಯಾದ ಉತ್ತರವೇ. ಆದರೆ ಅದಕ್ಕೂ 21 ತಿಂಗಳು ಮೊದಲು, ಅದೇ ವಿನ್ಯಾಸದ ಇನ್ನೊಂದು ಬಂಡಿ ಹೊರಟಿತ್ತು. 1969ರ ಫೆಬ್ರವರಿ 19, ಸೋವಿಯತ್ ಉಡಾವಣಾ ಕೇಂದ್ರ ಬೈಕೊನೂರ್, ಪ್ರೋಟಾನ್ ರಾಕೆಟ್. ಅದು ಒಂದು ನಿಮಿಷ ಕೂಡ ಹಾರಲಿಲ್ಲ. ಬಂಡಿಯನ್ನು ಮುಚ್ಚಿದ್ದ ಮೂತಿಯ ಹೊದಿಕೆ ಗಾಳಿಯ ಒತ್ತಡಕ್ಕೆ ಒಡೆಯಿತು. ಚೂರುಗಳು ರಾಕೆಟ್ಟಿಗೇ ಬಡಿದವು. ರಾಕೆಟ್ ಸಿಡಿಯಿತು. ಉಳಿದದ್ದೆಲ್ಲ ಉಡಾವಣಾ ಕಟ್ಟೆಯಿಂದ ಸುಮಾರು 15 ಕಿಲೋಮೀಟರ್ ಆಚೆ ಬಯಲಿನಲ್ಲಿ ಬಿತ್ತು.

ಮರುದಿನ ಸೋವಿಯತ್ ಪತ್ರಿಕೆಗಳಲ್ಲಿ ಒಂದು ಸಾಲೂ ಇಲ್ಲ. ಬಂಡಿಗೆ ಹೆಸರೂ ಇಲ್ಲ. ಕಡತದಲ್ಲಿ ಅದು ಇ-8, ಸಂಖ್ಯೆ 201. ಅಷ್ಟೇ. ಆಗಿನ ಪದ್ಧತಿ ಹಾಗಿತ್ತು. ಚಂದ್ರನ ದಾರಿ ಹಿಡಿದರೆ ಲೂನಾ ಅನ್ನುವ ಹೆಸರು ಸಿಗುತ್ತಿತ್ತು. ಭೂಮಿಯ ಕಕ್ಷೆಯಲ್ಲೇ ಸಿಕ್ಕಿಕೊಂಡರೆ ಕಾಸ್ಮೋಸ್ ಅಂತ ಒಂದು ನಂಬರ್ ಕೊಟ್ಟು ಸುಮ್ಮನಾಗುತ್ತಿದ್ದರು. ಕಕ್ಷೆಗೇ ಹೋಗದಿದ್ದರೆ ಅಂಥದ್ದೊಂದು ಹಾರಲೇ ಇಲ್ಲ ಎಂಬ ಲೆಕ್ಕ. "ಲೂನೊಖೋದ್ 0", "ಲೂನೊಖೋದ್ 201" ಅಂತ ಈಗ ಕಾಣುವ ಹೆಸರುಗಳೆಲ್ಲ ಆಮೇಲೆ ಆಸಕ್ತರು ಇಟ್ಟವು.

ನನಗೆ ಇದರಲ್ಲಿ ಕಾಡುವ ವಿಷಯ ಒಂದೇ. ಬಂಡಿಯಲ್ಲಿ ಏನೂ ತಪ್ಪಿರಲಿಲ್ಲ. ಅದರ ಚಕ್ರ ಒಂದು ಸುತ್ತು ಉರುಳುವ ಅವಕಾಶವೂ ಸಿಗಲಿಲ್ಲ. ವರ್ಷಗಟ್ಟಲೆ ಅದಕ್ಕೆ ದುಡಿದವರಿಗೆ "ನಮ್ಮದು ಹೋಯಿತು" ಅಂತ ಹೊರಗೆ ಹೇಳಿಕೊಳ್ಳುವ ಹಕ್ಕೂ ಇರಲಿಲ್ಲ. ಈ ಬಗ್ಗೆ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಬೆಳ್ಳಿಚುಕ್ಕಿ:
ಒಳ್ಳೆಯ ವಿಷಯ ಎತ್ತಿದ್ದೀರಿ. ಬಂಡಿ ಮಾಡಿದವರು ಯಾರು ಅಂತ ನಾನು ಸೇರಿಸುತ್ತೇನೆ.

ಕೆಲಸ ಶುರುವಾದದ್ದು ಸೋವಿಯತ್ ರಾಕೆಟ್‌ಗಳ ಮುಖ್ಯ ವಿನ್ಯಾಸಕ ಕೊರೊಲ್ಯೋವ್ ಅವರ ಸಂಸ್ಥೆಯಲ್ಲಿ. 1965ರಲ್ಲಿ ಮಾನವರಹಿತ ಚಂದ್ರನೌಕೆಗಳ ಕೆಲಸವೆಲ್ಲ ಮಾಸ್ಕೋ ಹತ್ತಿರದ ಲಾವೊಚ್ಕಿನ್ ಸಂಸ್ಥೆಗೆ ಹೋಯಿತು. ಅಲ್ಲಿ ಮುಖ್ಯಸ್ಥರು ಗಿಯೋರ್ಗಿ ಬಬಾಕಿನ್. ಆದರೆ ಚಕ್ರ, ಮೋಟಾರು, ಓಡುವ ಭಾಗ ಪೂರ್ತಿ ಮಾಡಿದ್ದು ಲೆನಿನ್‌ಗ್ರಾಡಿನ ವಿಎನ್ಐಐ-ಟ್ರಾನ್ಸ್‌ಮಾಶ್. ಅದು ಟ್ಯಾಂಕ್ ವಿನ್ಯಾಸ ಮಾಡುವ ಸಂಸ್ಥೆ. ಅಲ್ಲಿ ಅಲೆಕ್ಸಾಂಡರ್ ಕೆಮೂರ್ಜಿಯಾನ್ ಅವರ ತಂಡ 1963ರಿಂದಲೇ ಇದಕ್ಕೆ ಕೈ ಹಾಕಿತ್ತು. ಆಗ ಚಂದ್ರನ ನೆಲ ಗಟ್ಟಿಯೋ, ಕಾಲಿಟ್ಟರೆ ಹೂತುಹೋಗುವ ಧೂಳೋ ಅಂತಲೇ ಯಾರಿಗೂ ಗೊತ್ತಿರಲಿಲ್ಲ. 1966ರ ಫೆಬ್ರವರಿಯಲ್ಲಿ ಲೂನಾ-9 ಮೆಲ್ಲಗೆ ಇಳಿದು ಚಿತ್ರ ಕಳಿಸಿದ ಮೇಲೆ ಆ ಭಯ ಹೋಯಿತು. ಅಂದರೆ ಮೊದಲ ಎರಡು ಮೂರು ವರ್ಷ ಅವರು ಯಾವ ನೆಲಕ್ಕೆ ಚಕ್ರ ಮಾಡುತ್ತಿದ್ದೇವೆ ಅಂತ ತಿಳಿಯದೆಯೇ ಚಕ್ರ ಮಾಡಿದ್ದಾರೆ!

ಎಂಟು ಚಕ್ರ. ಪ್ರತಿ ಚಕ್ರಕ್ಕೂ ಬೇರೆ ಮೋಟಾರು. ಒಂದು ಚಕ್ರ ಸಿಕ್ಕಿಹಾಕಿಕೊಂಡರೆ ಸಣ್ಣ ಸಿಡಿಮದ್ದಿನಿಂದ ಅದರ ಅಚ್ಚು ಕತ್ತರಿಸಿ ಬಿಟ್ಟುಬಿಡಬಹುದಿತ್ತು. ಪ್ರತಿ ಬದಿಯಲ್ಲಿ ಎರಡೆರಡು ಉಳಿದರೂ ಬಂಡಿ ಓಡುತ್ತಿತ್ತು. ಎಷ್ಟು ದೂರ ಬಂತು ಅಂತ ಅಳೆಯಲು ಹಿಂದೆ ಪುಟ್ಟ ಒಂಬತ್ತನೇ ಚಕ್ರ ಬೇರೆ. ಹಾದಿಯಲ್ಲಿ ಏನೇನು ಕೆಡಬಹುದು ಅಂತ ಎಷ್ಟು ಯೋಚಿಸಿದ್ದರು ನೋಡಿ.

ಕೋಲಾರದ ಹುಡುಗಿ:
ಒಂದು ಪ್ರಶ್ನೆ. ರಾಕೆಟ್ ಮೇಲೆ ಹೋದಂತೆ ವೇಗ ಜಾಸ್ತಿ ಆಗುತ್ತೆ ಅಲ್ವಾ? ಹಾಗಾದರೆ ಹೊದಿಕೆ ಇನ್ನೂ ಮೇಲೆ ಹೋಗಿ ಒಡೆಯಬೇಕಿತ್ತು. ಒಂದು ನಿಮಿಷದೊಳಗೆ ಯಾಕೆ ಒಡೆಯಿತು?

ಫಿಸಿಕ್ಸ್ ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಓಡುವ ಬಸ್ಸಿನ ಕಿಟಕಿಯಿಂದ ಕೈ ಚಾಚಿದರೆ ಗಾಳಿ ತಳ್ಳುತ್ತದಲ್ಲ, ಆ ತಳ್ಳು ಎರಡು ವಿಷಯದ ಮೇಲೆ ನಿಂತಿದೆ. ಒಂದು ವೇಗ, ಇನ್ನೊಂದು ಗಾಳಿ ಎಷ್ಟು ದಟ್ಟವಾಗಿದೆ ಎಂಬುದು. ವೇಗ ಎರಡರಷ್ಟಾದರೆ ತಳ್ಳು ನಾಲ್ಕರಷ್ಟಾಗುತ್ತದೆ. ಗಾಳಿ ಅರ್ಧಕ್ಕಿಳಿದರೆ ತಳ್ಳೂ ಅರ್ಧಕ್ಕಿಳಿಯುತ್ತದೆ.

ರಾಕೆಟ್ ಹೊರಡುವಾಗ ಗಾಳಿ ದಟ್ಟ, ಆದರೆ ವೇಗ ಇಲ್ಲ. ತುಂಬಾ ಮೇಲೆ ವೇಗ ಇದೆ, ಆದರೆ ಗಾಳಿಯೇ ಇಲ್ಲ. ನಡುವೆ ಎಲ್ಲೋ, ಸಾಮಾನ್ಯವಾಗಿ 10ರಿಂದ 15 ಕಿಲೋಮೀಟರ್ ಎತ್ತರದಲ್ಲಿ, ಎರಡೂ ಸೇರಿ ಒತ್ತಡ ತುತ್ತತುದಿಗೆ ಮುಟ್ಟುತ್ತದೆ. ಇದನ್ನೇ ಮ್ಯಾಕ್ಸ್-ಕ್ಯೂ ಅನ್ನುತ್ತಾರೆ. ದೊಡ್ಡ ರಾಕೆಟ್‌ಗಳಲ್ಲಿ ಆ ಹೊತ್ತು ಬರುವುದು ಹೊರಟ ಸುಮಾರು ಒಂದು ನಿಮಿಷದ ಆಸುಪಾಸಿನಲ್ಲಿ. ಅದಕ್ಕೆ ಸ್ವಲ್ಪ ಮೊದಲು ರಾಕೆಟ್ ಶಬ್ದದ ವೇಗವನ್ನೂ ದಾಟುತ್ತದೆ. ಆಗ ಮೂತಿಯ ಸುತ್ತ ಗಾಳಿ ಒಂದೇ ಸಮನೆ ಹರಿಯುವುದಿಲ್ಲ, ಅದುರಿಸುತ್ತದೆ. ತಳ್ಳೂ ಇದೆ, ನಡುಕವೂ ಇದೆ. ಹೊದಿಕೆ ಎಲ್ಲಾದರೂ ದುರ್ಬಲವಾಗಿದ್ದರೆ ಗೊತ್ತಾಗುವುದು ಅಲ್ಲೇ.

ಇಲ್ಲಿ ಇನ್ನೊಂದು ಮಾತು ಇದೆ. ಪ್ರೋಟಾನ್ ಅಲ್ಲಿಯವರೆಗೆ ಜಾಸ್ತಿ ಹೊತ್ತೊಯ್ದದ್ದು ಚಂದ್ರನ ಸುತ್ತ ಹೋಗಿ ಬರುವ ಜೋಂಡ್ ನೌಕೆಗಳನ್ನು. ಅವುಗಳ ಮೂತಿ ಬೇರೆ ಆಕಾರ. ಇ-8ಕ್ಕೆ ಹೊಸ ಹೊದಿಕೆ ಬೇಕಾಯಿತು. ಆ ಹೊಸ ಹೊದಿಕೆ ಹಾರಿದ ಮೊದಲ ಸಲವೇ ಇದು.

ತುಂಗಾತೀರ:
ಮೇಷ್ಟ್ರೇ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಧನ್ಯವಾದ.

ಮೂಡುಬಾನು:
ಪೊಲೋನಿಯಂ ಕಥೆ ಯಾರೂ ಹೇಳಲಿಲ್ಲ. ಬಂಡಿಯೊಳಗೆ ರಾತ್ರಿ ಬೆಚ್ಚಗಿಡಲು ಪೊಲೋನಿಯಂ-210 ಅನ್ನುವ ವಿಕಿರಣಶೀಲ ವಸ್ತು ಇತ್ತು. ಅವಶೇಷ ಹುಡುಕಲು ಹೋದ ಸೈನಿಕರು ಅದನ್ನು ಕಂಡು, ಬಿಸಿ ಇದೆಯಲ್ಲ ಅಂತ ತಮ್ಮ ಕೋಣೆಗೆ ಒಯ್ದು ಚಳಿ ಕಾಯಿಸಿಕೊಂಡರಂತೆ. ಇದು ನಿಜವೇ?

ಫಿಸಿಕ್ಸ್ ಮೇಷ್ಟ್ರು:
ಈ ಕಥೆ ರಷ್ಯಾದ ಬಾಹ್ಯಾಕಾಶ ವಲಯದಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ. ದಾಖಲೆಯ ಆಧಾರ ಇರುವ ಸಂಗತಿ ಅಂತ ನಾನು ಒಪ್ಪುವುದಿಲ್ಲ. ಪೊಲೋನಿಯಂ ಇದ್ದದ್ದು ಮಾತ್ರ ನಿಜ. ಅದು ಆಲ್ಫಾ ಕಣ ಬಿಡುತ್ತದೆ. ಆಲ್ಫಾ ಕಣಕ್ಕೆ ಲೋಹದ ಡಬ್ಬಿ ದಾಟುವ ಶಕ್ತಿ ಇಲ್ಲ, ಚರ್ಮವನ್ನೂ ದಾಟುವುದಿಲ್ಲ. ಡಬ್ಬಿ ಒಡೆದು ಒಳಗಿನದು ಹೊಟ್ಟೆಗೋ ಶ್ವಾಸಕ್ಕೋ ಸೇರಿದರೆ ಸಾವೇ. ಹಾಗಾಗಿ ಕಥೆ ರೋಚಕವಾಗಿದೆ ಅಂತ ಹರಡುವುದು ಬೇಡ. ಚಳಿಯಲ್ಲಿ ಆ ಬಯಲು ಹುಡುಕಿದ ಸೈನಿಕರು ನಿಜವಾದ ಮನುಷ್ಯರು.

ಪೊಲೋನಿಯಂ ಯಾಕೆ ಬೇಕಿತ್ತು ಅನ್ನುವುದೇ ಹೆಚ್ಚು ಮುಖ್ಯ. ಚಂದ್ರನ ರಾತ್ರಿ ನಮ್ಮ ಎರಡು ವಾರ. ಉಷ್ಣತೆ ಮೈನಸ್ 150 ಡಿಗ್ರಿಗೂ ಕೆಳಗೆ. ಬಂಡಿಯ ಮೇಲೊಂದು ದೊಡ್ಡ ಮುಚ್ಚಳ, ಅದರ ಒಳಮೈಗೆ ಸೌರ ಫಲಕ. ಹಗಲು ಮುಚ್ಚಳ ತೆರೆದು ಬಿಸಿಲು ಕುಡಿಯುವುದು, ರಾತ್ರಿ ಮುಚ್ಚಿಕೊಂಡು ಪೊಲೋನಿಯಂ ಕೊಡುವ ಬಿಸಿಯಲ್ಲಿ ಕಾಯುವುದು. ನಮ್ಮ ಪ್ರಜ್ಞಾನ್ ರೋವರ್‌ನಲ್ಲಿ ಇಂಥ ಒಲೆ ಇರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮಲಗಿದ್ದು ಮತ್ತೆ ಏಳಲಿಲ್ಲ. ಅದನ್ನು ಮಾಡಿದ್ದೇ ಒಂದು ಚಂದ್ರ ಹಗಲಿನ ಕೆಲಸಕ್ಕೆ, ಆ ಕೆಲಸ ಪೂರ್ತಿ ಆಯಿತು. ಲೂನೊಖೋದ್-1 ಮಾತ್ರ ರಾತ್ರಿ ಕಳೆದು ಹಗಲು, ಹಗಲು ಕಳೆದು ರಾತ್ರಿ ಅಂತ ಸುಮಾರು ಹತ್ತು ತಿಂಗಳು ಬದುಕಿತು.

ನೀಲಿಬಾನು:
ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಮುಚ್ಚಿಟ್ಟರು, ಮುಚ್ಚಿಟ್ಟರು ಅಂತ ಸೋವಿಯತ್ ಒಕ್ಕೂಟವನ್ನು ಮಾತ್ರ ಬೊಟ್ಟು ಮಾಡುವುದು ಸರಿಯಲ್ಲ. ಅಮೆರಿಕದವರು ಕೊರೋನಾ ಬೇಹು ಉಪಗ್ರಹಗಳನ್ನು ಡಿಸ್ಕವರರ್ ಅನ್ನುವ ಹೆಸರಲ್ಲಿ ಹಾರಿಸಿದರು. ನಿಜವಾದ ಕೆಲಸ ಏನು ಅಂತ 1995ರವರೆಗೆ ಹೇಳಲಿಲ್ಲ. ಅದು ಶೀತಲ ಸಮರದ ಕಾಲ. ಪ್ರೋಟಾನ್ ಹುಟ್ಟಿದ್ದೂ ಕ್ಷಿಪಣಿ ವಿನ್ಯಾಸಕ ಚೆಲೊಮೇಯ್ ಅವರ ಕೈಯಲ್ಲಿ, ಭಾರಿ ಕ್ಷಿಪಣಿಯಾಗಿ. ಅದರ ವೈಫಲ್ಯವನ್ನು ಯಾರು ತಾನೇ ಜಗತ್ತಿಗೆ ಸಾರುತ್ತಾರೆ?

ತುಂಗಾತೀರ:
ಕೊರೋನಾ ಬೇಹುಗಾರಿಕೆ. ಅದನ್ನು ಯಾವ ದೇಶವೂ ಹೇಳುವುದಿಲ್ಲ, ಒಪ್ಪುತ್ತೇನೆ. ಆದರೆ ಇ-8 ಚಂದ್ರನ ಮಣ್ಣು ನೋಡಲು ಹೊರಟ ಯಂತ್ರ. ಗೆದ್ದ ದಿನ ಇಡೀ ಜಗತ್ತಿಗೆ ಹೇಳಲು ಸಿದ್ಧವಾಗಿದ್ದರು, ಅಲ್ವಾ? ಗೆದ್ದರೆ ಎಲ್ಲರದು, ಸೋತರೆ ಯಾರದೂ ಅಲ್ಲ ಅನ್ನುವ ವ್ಯವಸ್ಥೆ ಅದು. ನನ್ನ ತಕರಾರು ಅಲ್ಲಿದೆ.

1969ರಲ್ಲಿ ಪ್ರೋಟಾನ್ ಏನಾಯಿತು ನೋಡಿ. ಜನವರಿ 20ರಂದು ಜೋಂಡ್ ಮಾದರಿಯ ನೌಕೆ ಹೋಯಿತು, ಮೇಲಿನ ಹಂತಗಳ ಎಂಜಿನ್ ಕೆಟ್ಟು. ಫೆಬ್ರವರಿ 19ರಂದು ನಮ್ಮ ಬಂಡಿ, ಹೊದಿಕೆಯಿಂದ. ಮಾರ್ಚ್ 27ರಂದು ಮಂಗಳಕ್ಕೆ ಹೊರಟದ್ದು, ಮೂರನೇ ಹಂತದಲ್ಲಿ. ಏಪ್ರಿಲ್ 2ರಂದು ಮತ್ತೆ ಮಂಗಳದ್ದು, ಈ ಸಲ ಮೊದಲ ಹಂತವೇ ಕೈಕೊಟ್ಟು ಉಡಾವಣಾ ಕಟ್ಟೆಯ ಹತ್ತಿರವೇ ಬಿತ್ತು. ಜೂನ್ 14ರಂದು ಚಂದ್ರನ ಮಣ್ಣು ತರಲು ಹೊರಟದ್ದು, ಕೊನೆಯ ಹಂತ ಹೊತ್ತಿಕೊಳ್ಳಲೇ ಇಲ್ಲ. ಆರು ತಿಂಗಳೂ ತುಂಬಿಲ್ಲ, ಐದು ನೌಕೆ ಹೋಗಿವೆ. ಪ್ರತಿ ಸಲ ಬೇರೆ ಕಡೆ ತೊಂದರೆ. ಒಂದು ಕಡೆ ಸರಿಮಾಡುವಷ್ಟರಲ್ಲಿ ಇನ್ನೊಂದು ಕಡೆ ಬಿರುಕು. ಇಂಥ ರಾಕೆಟ್ಟನ್ನು ನಿಲ್ಲಿಸಿ, ನೆಲದ ಮೇಲೆ ಪೂರ್ತಿ ಪರೀಕ್ಷೆ ಮಾಡಿ ಅಂತ ಗಟ್ಟಿಯಾಗಿ ಕೇಳುವವರು ಬೇಕಿತ್ತು. ಸೋಲು ಹೊರಗೆ ಗೊತ್ತಾಗುವಂತಿದ್ದರೆ ಆ ಒತ್ತಾಯ ಹುಟ್ಟುತ್ತಿತ್ತು ಅಂತ ನಾನು ನಂಬುತ್ತೇನೆ.

ಬೆಳ್ಳಿಚುಕ್ಕಿ:
ಆ ಹೊತ್ತಿನ ಅವಸರವನ್ನೂ ನೆನಪಿಡಬೇಕು. 1968ರ ಡಿಸೆಂಬರ್‌ನಲ್ಲಿ ಅಪೊಲೊ-8 ಮೂವರನ್ನು ಚಂದ್ರನ ಸುತ್ತ ಸುತ್ತಿಸಿ ತಂದಿತ್ತು. ಬೈಕೊನೂರಿನಲ್ಲಿ ಆ ವಾರ ಎರಡು ದೊಡ್ಡ ಉಡಾವಣೆ. 19ಕ್ಕೆ ಬಂಡಿ. 21ಕ್ಕೆ ಎನ್-1, ಮನುಷ್ಯರನ್ನು ಚಂದ್ರನಿಗೆ ಒಯ್ಯಬೇಕಿದ್ದ ದೈತ್ಯ ರಾಕೆಟ್, ಮೊದಲ ಹಂತದಲ್ಲೇ 30 ಎಂಜಿನ್. ಅದರ ಬಾಲದ ಭಾಗದಲ್ಲಿ ಬೆಂಕಿ ಹತ್ತಿ, ನಿಯಂತ್ರಣ ವ್ಯವಸ್ಥೆ ಎಲ್ಲ ಎಂಜಿನ್ ನಿಲ್ಲಿಸಿಬಿಟ್ಟಿತು. ಒಂದು ನಿಮಿಷ ಚಿಲ್ಲರೆ ಹಾರಿ ಅದೂ ಬಿತ್ತು.

ಈ ಎರಡಕ್ಕೂ ನಂಟಿದೆ. ಬಂಡಿ ಬರೀ ವಿಜ್ಞಾನಕ್ಕೆ ಅಲ್ಲ. ಮನುಷ್ಯ ಇಳಿಯುವ ಜಾಗವನ್ನು ಮೊದಲೇ ಹೋಗಿ ನೋಡಿ, ಅಲ್ಲಿ ರೇಡಿಯೋ ದಾರಿದೀಪದಂತೆ ನಿಲ್ಲಬೇಕು ಅನ್ನುವುದು ಯೋಜನೆಯ ಭಾಗವಾಗಿತ್ತು. ಎರಡು ದಿನದ ಅಂತರದಲ್ಲಿ ದಾರಿ ತೋರಿಸುವುದೂ ಹೋಯಿತು, ದಾರಿ ನಡೆಯಬೇಕಾದದ್ದೂ ಹೋಯಿತು.

ಕೋಲಾರದ ಹುಡುಗಿ:
ಹಾಗಾದರೆ ಅದು ಗೆದ್ದಿದ್ದರೆ ಅಪೊಲೊ-11ಕ್ಕಿಂತ ಮೊದಲೇ ಚಂದ್ರನ ಮೇಲೆ ಬಂಡಿ ಓಡುತ್ತಿತ್ತು?

ಬೆಳ್ಳಿಚುಕ್ಕಿ:
ಹೌದು. ರಾಕೆಟ್ ಸರಿಯಾಗಿ ಕೆಲಸ ಮಾಡಿ, ಇಳಿಯುವುದೂ ಸರಿಯಾಗಿದ್ದರೆ. ಜುಲೈ 20ಕ್ಕೆ ಐದು ತಿಂಗಳು ಮೊದಲು. ಆರ್ಮ್‌ಸ್ಟ್ರಾಂಗ್ ಕಾಲಿಡುವಾಗ ಅಲ್ಲೆಲ್ಲೋ ಒಂದು ಸೋವಿಯತ್ ಬಂಡಿ ಓಡಾಡುತ್ತಿರಬಹುದಿತ್ತು. ಆದರೆ ಇಳಿಯುವ ಹಂತವೂ ಆಗ ಹೊಸದು ಅನ್ನುವುದನ್ನು ಮರೆಯಬಾರದು. ಅದೇ ಮಾದರಿಯ ಇಳಿನೌಕೆ ಹೊತ್ತ ಲೂನಾ-15 ಜುಲೈ 21ರಂದು ಚಂದ್ರನಿಗೆ ಅಪ್ಪಳಿಸಿತು, ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಇನ್ನೂ ಅಲ್ಲೇ ಇದ್ದಾಗ.

ಪೀಣ್ಯ ಪಕ್ಕದವ:
ನಮ್ಮ ಇಸ್ರೋದಲ್ಲೂ ಹೊದಿಕೆಯಿಂದಾದ ಸೋಲು ಒಂದಿದೆ. 2017ರ ಆಗಸ್ಟ್ 31, ಪಿಎಸ್‌ಎಲ್‌ವಿ-ಸಿ39. ಅಲ್ಲಿ ಆದದ್ದು ಪೂರ್ತಿ ಉಲ್ಟಾ. 1969ರಲ್ಲಿ ಒಡೆಯಬಾರದ ಹೊತ್ತಿನಲ್ಲಿ ಹೊದಿಕೆ ಒಡೆಯಿತು. 2017ರಲ್ಲಿ ಬಿಚ್ಚಿಕೊಳ್ಳಬೇಕಾದ ಹೊತ್ತಿನಲ್ಲಿ ಬಿಚ್ಚಿಕೊಳ್ಳಲಿಲ್ಲ. ಐಆರ್‌ಎನ್‌ಎಸ್‌ಎಸ್-1ಎಚ್ ಉಪಗ್ರಹ ಒಳಗೇ ಸಿಕ್ಕಿಕೊಂಡಿತು. ಹೊದಿಕೆಯ ಭಾರ ಹೊತ್ತೇ ಹೋದ ರಾಕೆಟ್ಟಿಗೆ ಬೇಕಾದ ವೇಗವೂ ಬರಲಿಲ್ಲ. ಇದನ್ನು ಇಸ್ರೋ ಅಂದೇ ಸಂಜೆ ಹೇಳಿತು. 2018ರ ಜನವರಿ 12ಕ್ಕೆ ಅದೇ ಮಾದರಿಯ ರಾಕೆಟ್ ಮತ್ತೆ ಹಾರಿ ಗೆದ್ದಿತು.

ಗಾಳಿಯ ಒತ್ತಡದ ಹೊತ್ತಿನಲ್ಲಿ ಮುರಿದದ್ದಕ್ಕೂ ನಮ್ಮಲ್ಲಿ ಉದಾಹರಣೆ ಇದೆ. 1988ರ ಜುಲೈ 13, ಇಸ್ರೋದ ಎಎಸ್‌ಎಲ್‌ವಿ ರಾಕೆಟ್ಟಿನ ಎರಡನೇ ಹಾರಾಟ. ಬದಿಯ ಎರಡು ಬೂಸ್ಟರ್ ಉರಿದು ಮುಗಿಯುವುದಕ್ಕೂ ನಡುವಿನ ಹಂತ ಹೊತ್ತಿಕೊಳ್ಳುವುದಕ್ಕೂ ನಡುವೆ ರಾಕೆಟ್ ಹಿಡಿತ ತಪ್ಪಿ, ಗಾಳಿಯ ಒತ್ತಡ ತಡೆಯದೆ ಮುರಿಯಿತು. ಅದೂ ಹೊರಟ ಒಂದು ನಿಮಿಷದೊಳಗೆ. ಮೊದಲ ಎಎಸ್‌ಎಲ್‌ವಿ 1987ರಲ್ಲೇ ಸೋತಿತ್ತು. ಆಗ ಇಸ್ರೋ ಅಧ್ಯಕ್ಷರು ನಮ್ಮ ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್. ಎರಡು ಸೋಲು ಬೆನ್ನುಬೆನ್ನಿಗೆ. ಅವರು ಅವಸರ ಮಾಡಲಿಲ್ಲ. ಮೂರನೆಯದನ್ನು ಹಾರಿಸಿದ್ದು 1992ರ ಮೇ 20ಕ್ಕೆ, ನಾಲ್ಕು ವರ್ಷ ಸಮಯ ತೆಗೆದುಕೊಂಡು. ಅದು ಕಕ್ಷೆ ಮುಟ್ಟಿತು. ತುಂಗಾತೀರ ಅವರ ಮಾತಿಗೆ ನನ್ನ ಬೆಂಬಲ ಇದೇ ಕಾರಣಕ್ಕೆ. ಸೋಲು ಎಲ್ಲರ ಕಣ್ಣೆದುರು ಇದ್ದರೆ ನಿಂತು ಸರಿಮಾಡಲು ಸಮಯ ಕೇಳಬಹುದು.

ನೀಲಿಬಾನು:
ಎಎಸ್‌ಎಲ್‌ವಿ ಉದಾಹರಣೆ ಗಟ್ಟಿಯಾಗಿದೆ. ಆದರೂ ಒಂದು ಮಾತು. ಸೋವಿಯತ್ ಎಂಜಿನಿಯರುಗಳು ಒಳಗೊಳಗೆ ತನಿಖೆ ಮಾಡದೆ ಬಿಟ್ಟಿರಲಿಲ್ಲ. ಹೊದಿಕೆಯ ತೊಂದರೆ ಮತ್ತೆ ಮರುಕಳಿಸಲಿಲ್ಲ. 1970ರ ಸೆಪ್ಟೆಂಬರ್‌ನಲ್ಲಿ ಲೂನಾ-16 ಸುಮಾರು 101 ಗ್ರಾಂ ಮಣ್ಣು ತಂದಿತು, ನವೆಂಬರ್‌ನಲ್ಲಿ ಲೂನಾ-17 ಬಂಡಿಯನ್ನು ಇಳಿಸಿತು. ಆ ಜನರ ಕೆಲಸದ ನಿಷ್ಠೆಯನ್ನು ಯಾರೂ ಕಡಿಮೆ ಮಾಡಬಾರದು.

ತುಂಗಾತೀರ:
ನಿಷ್ಠೆಯ ಬಗ್ಗೆ ನನಗೂ ಅನುಮಾನ ಇಲ್ಲ. ಅವರ ಮೇಲಿನ ಗೌರವದಿಂದಲೇ ಈ ಚರ್ಚೆ ಶುರು ಮಾಡಿದ್ದು.

ಬೆಳ್ಳಿಚುಕ್ಕಿ:
ಬಂಡಿ ಓಡಿಸಬೇಕಿದ್ದವರ ಬಗ್ಗೆಯೂ ಹೇಳಬೇಕು. ಐದು ಜನರ ಎರಡು ತಂಡ. ಕಮಾಂಡರ್, ಚಾಲಕ, ದಾರಿ ಲೆಕ್ಕ ಹಾಕುವವರು, ಎಂಜಿನಿಯರ್, ಆಂಟೆನಾವನ್ನು ಭೂಮಿಯ ಕಡೆ ತಿರುಗಿಸಿ ಇಡುವವರು. ಎಲ್ಲರೂ ಸೇನೆಯಿಂದ ಬಂದವರು. ಕ್ರಿಮಿಯಾದ ಸಿಮ್ಫೆರೊಪೋಲ್ ಹತ್ತಿರ ಚಂದ್ರನ ನೆಲದ ಹಾಗೆ ಕುಳಿ, ಕಲ್ಲು ಮಾಡಿಟ್ಟ ಮೈದಾನದಲ್ಲಿ ಅಭ್ಯಾಸ. ಅವರಿಗೆ ಕಾಣುತ್ತಿದ್ದದ್ದು ಚಲಿಸುವ ಚಿತ್ರ ಅಲ್ಲ, ಹಲವು ಸೆಕೆಂಡಿಗೊಮ್ಮೆ ಬರುವ ನಿಂತ ಚಿತ್ರ. ಸಂಕೇತ ಹೋಗಿ ಬರಲು ಎರಡೂವರೆ ಸೆಕೆಂಡು ಬೇರೆ. ಅಷ್ಟರಲ್ಲಿ ಬಂಡಿ ಕುಳಿಯ ಅಂಚಿಗೆ ಬಂದಿರಬಹುದು.

ಈ ತಂಡ 1969ರ ಆ ಉಡಾವಣೆಗೂ ಸಿದ್ಧವಾಗಿತ್ತು. ಅದು ಸಿಡಿದ ಮೇಲೆ ಇನ್ನೂ 21 ತಿಂಗಳು ಅದೇ ಮೈದಾನದಲ್ಲಿ ಅಭ್ಯಾಸ ಮಾಡುತ್ತ ಕಾದರು. ಆಮೇಲೆ ಲೂನೊಖೋದ್-1 ಅನ್ನು 10 ಕಿಲೋಮೀಟರ್‌ಗಿಂತ ಜಾಸ್ತಿ ಓಡಿಸಿದರು. 1973ರಲ್ಲಿ ಲೂನೊಖೋದ್-2 ಅನ್ನು ಸುಮಾರು 39 ಕಿಲೋಮೀಟರ್! ಆಗಲೂ ಅವರ ಹೆಸರು ಹೊರಗೆ ಬರಲಿಲ್ಲ. ಬಹಳ ವರ್ಷ ಯಾರಿಗೂ ಗೊತ್ತಿರಲಿಲ್ಲ.

ಚಳ್ಳಕೆರೆಯಿಂದ:
ಕುಳಿ ತೋಡಿ ಅಭ್ಯಾಸ ಅಂದಾಗ ನಮ್ಮ ಊರು ನೆನಪಾಯಿತು. ಚಂದ್ರಯಾನದ ಇಳಿನೌಕೆಯ ಸಂವೇದಕಗಳ ಪರೀಕ್ಷೆಗೆ ಇಸ್ರೋ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಂಥದ್ದೇ ಕುಳಿಗಳನ್ನು ಮಾಡಿತ್ತು. ಇಲ್ಲಿ ಬಹಳ ಜನಕ್ಕೆ ಅದು ಗೊತ್ತು, ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 2019ರ ಸೆಪ್ಟೆಂಬರ್‌ನಲ್ಲಿ ವಿಕ್ರಮ್ ಸಂಪರ್ಕ ಕಳೆದುಕೊಂಡ ರಾತ್ರಿ ಇಡೀ ದೇಶ ಟಿವಿ ಮುಂದೆ ಇತ್ತು. ಬೆಂಗಳೂರಿನ ಪೀಣ್ಯದ ಇಸ್ರೋ ಕೇಂದ್ರದಲ್ಲಿ ಕೂತವರ ಮುಖ ಎಲ್ಲರಿಗೂ ಕಂಡಿತು. ನಾವೂ ಅತ್ತೆವು. ಬೈಕೊನೂರಿನ ಆ ಜನಕ್ಕೆ ಅಷ್ಟೂ ಸಿಗಲಿಲ್ಲ ಅನ್ನುವುದನ್ನು ಓದಿ ಸಂಕಟವಾಯಿತು.

ಪೀಣ್ಯ ಪಕ್ಕದವ:
ರಷ್ಯಾ ಕೂಡ ಬದಲಾಗಿದೆ. 2023ರ ಆಗಸ್ಟ್ 19ರಂದು ಲೂನಾ-25 ಚಂದ್ರನಿಗೆ ಅಪ್ಪಳಿಸಿದಾಗ ಮರುದಿನವೇ ಹೇಳಿದರು. ನಮ್ಮ ಚಂದ್ರಯಾನ-3 ಇಳಿದದ್ದು ಅದಾಗಿ ನಾಲ್ಕೇ ದಿನಕ್ಕೆ.

ಮೂಡುಬಾನು:
201ರ ವಿಷಯ ಹೊರಬಂದದ್ದು ಯಾವಾಗ?

ಬೆಳ್ಳಿಚುಕ್ಕಿ:
ಗೊರ್ಬಚೋವ್ ಕಾಲದಲ್ಲಿ ಬಾಗಿಲು ಸ್ವಲ್ಪ ತೆರೆದ ಮೇಲೆ ಒಂದೊಂದಾಗಿ ಹೊರಬಂದವು. 1990ರ ದಶಕದಲ್ಲಿ ಬೋರಿಸ್ ಚೆರ್ಟೋಕ್ ಅವರಂಥ ಹಿರಿಯ ಎಂಜಿನಿಯರುಗಳು ನೆನಪುಗಳನ್ನು ಬರೆದಾಗ ಚಿತ್ರ ಪೂರ್ತಿಯಾಯಿತು. ಬಬಾಕಿನ್ 1971ರ ಆಗಸ್ಟ್‌ನಲ್ಲೇ ತೀರಿಕೊಂಡಿದ್ದರು, ಲೂನೊಖೋದ್-1 ಇನ್ನೂ ಓಡುತ್ತಿದ್ದಾಗ. ಕೆಮೂರ್ಜಿಯಾನ್ ಬದುಕಿದ್ದರು. 1986ರಲ್ಲಿ ಚೆರ್ನೋಬಿಲ್ ಸ್ಥಾವರದ ಮಾಳಿಗೆಯ ಮೇಲಿನ ವಿಕಿರಣಭರಿತ ಅವಶೇಷ ತಳ್ಳಲು ರೋಬೋ ಬೇಕಾದಾಗ ಕರೆ ಹೋದದ್ದು ಅವರ ಸಂಸ್ಥೆಗೆ. ಚಂದ್ರ ಬಂಡಿಯ ಅನುಭವದಿಂದ ಎಸ್‌ಟಿಆರ್-1 ಅನ್ನುವ ಯಂತ್ರವನ್ನು ಬೇಗ ಬೇಗ ಮಾಡಿಕೊಟ್ಟರು. ಅದು ಮಾಳಿಗೆಯ ಮೇಲೆ ಕೆಲಸ ಮಾಡಿತು.

ಕೋಲಾರದ ಹುಡುಗಿ:
ಇದು ನನಗೆ ಹೊಸದು! ಆ ಮಾದರಿಯ ಬಂಡಿ ಈಗ ಭೂಮಿಯ ಮೇಲೆ ಎಲ್ಲಾದರೂ ನೋಡಲು ಸಿಗುತ್ತದೆಯೇ?

ಬೆಳ್ಳಿಚುಕ್ಕಿ:
ಸಿಗುತ್ತದೆ. 203 ಲೂನೊಖೋದ್-1 ಆಯಿತು, 204 ಲೂನೊಖೋದ್-2 ಆಯಿತು. 205 ಲೂನೊಖೋದ್-3 ಆಗಿ 1977ರಲ್ಲಿ ಹಾರಬೇಕಿತ್ತು, ಯೋಜನೆ ರದ್ದಾಯಿತು. ಅದು ಮಾಸ್ಕೋ ಪಕ್ಕದ ಖಿಮ್ಕಿಯಲ್ಲಿ ಲಾವೊಚ್ಕಿನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. ಹಾರಲು ಸಿದ್ಧವಾಗಿದ್ದ ನಿಜವಾದ ಬಂಡಿ ಅದು. ಇನ್ನೊಂದು ಸಂತೋಷದ ವಿಷಯ. ಲೂನೊಖೋದ್-1ರ ಮೇಲೆ ಲೇಸರ್ ಬೆಳಕನ್ನು ಬಂದ ಕಡೆಗೇ ಮರಳಿಸುವ, ಫ್ರಾನ್ಸ್ ಕೊಟ್ಟ ಪ್ರತಿಫಲಕ ಒಂದಿತ್ತು. ಬಂಡಿ ನಿಂತ ಜಾಗ ದಶಕಗಳ ಕಾಲ ಸರಿಯಾಗಿ ಗೊತ್ತಿರಲಿಲ್ಲ. 2010ರಲ್ಲಿ ಅಮೆರಿಕದ ಎಲ್‌ಆರ್‌ಒ ನೌಕೆಯ ಚಿತ್ರದಲ್ಲಿ ಅದು ಸಿಕ್ಕಿತು. ಏಪ್ರಿಲ್ 22ರಂದು ನ್ಯೂ ಮೆಕ್ಸಿಕೋದಿಂದ ಲೇಸರ್ ಬಿಟ್ಟರೆ ಬೆಳಕು ಜೋರಾಗಿ ಮರಳಿ ಬಂತು. ಈಗಲೂ ಭೂಮಿ-ಚಂದ್ರರ ದೂರ ಅಳೆಯಲು ಅದನ್ನು ಬಳಸುತ್ತಾರೆ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಎನ್-1 ಬಗ್ಗೆ ಬೇರೆಯೇ ಚರ್ಚೆ ಬೇಕು, ಅಲ್ಲಿ ಹೇಳುವುದು ತುಂಬಾ ಇದೆ. ಸದ್ಯದಲ್ಲೇ ಶುರು ಮಾಡುತ್ತೇನೆ. ಪೀಣ್ಯದವರೇ, ಎಎಸ್‌ಎಲ್‌ವಿ ಬಗ್ಗೆ ನೀವೊಂದು ಬರೆಯಿರಿ. ಮೂರನೇ ಹಾರಾಟಕ್ಕೆ ಮೊದಲು ಏನೇನು ಬದಲಾಯಿಸಿದರು ಅಂತ ವಿವರವಾಗಿ ಬೇಕು. ಮೇಷ್ಟ್ರು ಮ್ಯಾಕ್ಸ್-ಕ್ಯೂ ಲೆಕ್ಕವನ್ನು ಪಿಯುಸಿ ಮಕ್ಕಳಿಗೆ ಅರ್ಥ ಆಗುವ ಹಾಗೆ ಒಂದು ಉದಾಹರಣೆ ಸಮೇತ ಹಾಕಿದರೆ ಇಲ್ಲೇ ಮೇಲೆ ಸೇರಿಸುತ್ತೇನೆ.

ಫಿಸಿಕ್ಸ್ ಮೇಷ್ಟ್ರು:
ಖಂಡಿತ. ಭಾನುವಾರ ಹಾಕುತ್ತೇನೆ.